ಮೊದಲು ಸಾಯೋದು ಕಲಿಯಿರಿ, ಮಂತ್ರ ಆಮೇಲೆ

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಾವು ಟೆಕ್ಸಸ್‌ನ ಪ್ಲೇನೋದಲ್ಲಿ ಇದ್ದೇವೆ. ಆಫೀಸಿನ ಗೆಳೆಯರೊಬ್ಬರು ನನ್ನನ್ನೂ ಮಗನನ್ನೂ ಆಮ್ಟ್‌ಗಾರ್ಡ್ ಆಟ ನೋಡಲು ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. ಹಳೇ ಕಾಲದ ವೇಷ ಹಾಕಿಕೊಂಡು ಫೋಮ್ ಕತ್ತಿಯಲ್ಲಿ ಬಡಿದಾಡುವ ಆಟ. ಮುಂದಿನ ಸಲ ಒಂದು ಕ್ಲಾಸ್, ಅಂದರೆ ಆಟದಲ್ಲಿ ನಮ್ಮ ಪಾತ್ರ, ಆರಿಸಿಕೊಂಡು ಬನ್ನಿ ಅಂದಿದ್ದಾರೆ. ನನಗೆ 44 ವರ್ಷ, ಮೊಣಕಾಲು ನೋವು ಬೇರೆ. ಮಂತ್ರ ಹಾಕುವ ವಿಜರ್ಡ್ ಆಗಬೇಕು ಅಂತ ಆಸೆ. ಮಗನಿಗೆ 16, ಅವನ ಬಾಯಲ್ಲಿ ಅಸ್ಯಾಸಿನ್ (ಕದ್ದು ಬಂದು ಕೊಲ್ಲುವವನು) ಬಿಟ್ಟು ಬೇರೆ ಮಾತಿಲ್ಲ. ಯಾವುದು ಸರಿ, ಹೇಳುತ್ತೀರಾ?

ಸಂಪಾದಕರ ಉತ್ತರ:

ಇಬ್ಬರೂ ಮೊದಲ ಕೆಲವು ವಾರ ವಾರಿಯರ್, ಅಂದರೆ ಬರೀ ಯೋಧ, ಆಗಿ. ಆಮೇಲೆ ನೀವು ಗಾಯ ವಾಸಿ ಮಾಡುವ ಹೀಲರ್ ಆಗಿ ನೋಡಿ. ವಿಜರ್ಡ್ ಆಸೆ ಬಿಡಿ ಅನ್ನುತ್ತಿಲ್ಲ, ಸ್ವಲ್ಪ ಮುಂದಕ್ಕೆ ಹಾಕಿ ಅಷ್ಟೇ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮಗನನ್ನು ಒಪ್ಪಿಸೋದಕ್ಕೆ ನಿಮಗೆ ಕಾರಣಗಳು ಬೇಕಾಗುತ್ತವೆ.

ಬೇರೆ ಓದುಗರಿಗಾಗಿ ಆಟದ ಬಗ್ಗೆ ಎರಡು ಮಾತು. ಆಮ್ಟ್‌ಗಾರ್ಡ್ ಶುರುವಾಗಿದ್ದು ನಿಮ್ಮ ಟೆಕ್ಸಸ್‌ನಲ್ಲೇ, ಎಲ್ ಪಾಸೋ ಊರಲ್ಲಿ, 1983ರಲ್ಲಿ. ಕೈಗೆ ಏಟು ಬಿದ್ದರೆ ಆ ಕೈ ಬಳಸುವಂತಿಲ್ಲ. ಕಾಲಿಗೆ ಬಿದ್ದರೆ ಮಂಡಿಯೂರಬೇಕು. ಆಮೇಲೆ ಇನ್ನೊಂದು ಕೈಗೋ ಕಾಲಿಗೋ ಬಿದ್ದರೆ ಸತ್ತಂತೆ. ಎದೆ, ಹೊಟ್ಟೆ, ಬೆನ್ನಿಗೆ ಬಿದ್ದರೆ ಒಂದೇ ಏಟಿಗೆ ಸಾವು. ತಲೆಗೆ ಹೊಡೆಯುವ ಹಾಗಿಲ್ಲ. ಕ್ಲಾಸ್ ಇಲ್ಲದೆ ಬರೀ ಕತ್ತಿಯಲ್ಲಿ ಆಡುವ ಆಟಕ್ಕೆ ಡಿಚ್ ಅನ್ನುತ್ತಾರೆ. ಕ್ಲಾಸ್, ಮಂತ್ರ ಎಲ್ಲ ಸೇರಿದರೆ ಬ್ಯಾಟಲ್‌ಗೇಮ್. ಈ ಬಗೆಯ ಎಲ್ಲ ಆಟಗಳಲ್ಲೂ ಹೀಗೇ ಇರುತ್ತದೆ ಅಂದುಕೊಳ್ಳಬೇಡಿ. 1977ರಲ್ಲೇ ಅಮೆರಿಕದಲ್ಲಿ ಶುರುವಾದ ಡಾಗೊರ್ಹಿರ್‌ನಲ್ಲಿ ಇಂಥ ಕ್ಲಾಸ್ ಪಟ್ಟಿಯೇ ಇಲ್ಲ, ಅಲ್ಲಿ ಏಟು ಲೆಕ್ಕಕ್ಕೆ ಬರಬೇಕಾದರೆ ಒಂದಿಷ್ಟು ಜೋರೂ ಬೇಕು. ಆಮ್ಟ್‌ಗಾರ್ಡ್‌ನಲ್ಲಿ ಅಷ್ಟು ಬಲ ಬೇಕಿಲ್ಲ.

ಏಟು ಬಿತ್ತೋ ಇಲ್ಲವೋ ಅಂತ ಹೇಳೋರು ಯಾರು? ಅಲ್ಲಿ ರೀವ್ ಅಂತ ಅಂಪೈರ್ ಇರುತ್ತಾರೆ ನಿಜ. ಆದರೆ ಹೆಚ್ಚಿನ ಸಲ ತೀರ್ಪು ಏಟು ತಿಂದವರದ್ದೇ. ನಿಮ್ಮ ತೋಳಿಗೆ ತಾಗಿತು ಅಂತ ನೀವೇ ಒಪ್ಪಿಕೊಂಡು ಕೈಯನ್ನು ಹಿಂದಕ್ಕೆ ಕಟ್ಟಬೇಕು. ಕೇಳೋಕೆ ಸುಲಭ. ಗದ್ದಲದ ಮಧ್ಯೆ, ಮೈಮೇಲೆ ದೊಗಲೆ ಅಂಗಿ ಇರುವಾಗ, ಸೊಂಟದ ಹತ್ತಿರ ಏನೋ ಸವರಿಕೊಂಡು ಹೋಯಿತು ಅಂದರೆ ಅದು ಏಟೋ ಬಟ್ಟೆಯೋ ಗೊತ್ತಾಗೋದಿಲ್ಲ. ಹಳಬರಿಗೆ ಗೊತ್ತಾಗುತ್ತದೆ. ಹೊಸಬರು ಬೇಕಂತ ಮೋಸ ಮಾಡದಿದ್ದರೂ "ಇವನು ಏಟು ಒಪ್ಪೋದಿಲ್ಲ" ಅಂತ ಹೆಸರು ಕೆಡಿಸಿಕೊಳ್ಳುವುದು ಇಲ್ಲೇ. ಹಾಗಾಗಿ ಮೊದಲು ಕಲಿಯಬೇಕಾದ ವಿದ್ಯೆ ಹೊಡೆಯೋದಲ್ಲ, ಸಾಯೋದು. ಅದನ್ನು ಕಲಿಯೋಕೆ ದಿನಕ್ಕೆ ತುಂಬಾ ಸಲ ಸಾಯಬೇಕು. ತಲೆಯಲ್ಲಿ ಬೇರೇನೂ ಇಟ್ಟುಕೊಳ್ಳದೆ ಅಷ್ಟು ಸಲ ಸಾಯಲು ಬಿಡುವ ಕ್ಲಾಸ್ ಅಂದರೆ ವಾರಿಯರ್.

ನೇರಳೆ ಬಣ್ಣದ ಪಟ್ಟಿ ಕಟ್ಟಿಕೊಂಡರೆ ಅದೇ ನಿಮ್ಮ ಗುರುತು. ವಾರಿಯರ್‌ಗೂ ಕೆಲವು ವಿಶೇಷ ಶಕ್ತಿಗಳಿವೆ, ಆದರೆ ಅವನ್ನು ಮರೆತರೂ ಆಟ ನಿಲ್ಲೋದಿಲ್ಲ. ದೊಡ್ಡ ಗುರಾಣಿ ಹಿಡಿಯಬಹುದು. ಬೇರೆಯವರಿಗಿಂತ ಭಾರಿ ಕವಚ ತೊಡಬಹುದು. ಕವಚಕ್ಕೆ ಆತುರ ಬೇಡ. ಅದು ಹೆಚ್ಚಾಗಿ ನಿಜವಾದ ತೊಗಲಿನದೋ ಲೋಹದ್ದೋ ಆಗಿರುತ್ತದೆ, ಜುಲೈ ತಿಂಗಳ ಟೆಕ್ಸಸ್ ಬಿಸಿಲಲ್ಲಿ ಲೋಹದ ಕವಚ ತೊಟ್ಟವರ ಮುಖ ಒಮ್ಮೆ ನೋಡಿ, ಆಮೇಲೆ ದುಡ್ಡು ಹಾಕಿ. ಕತ್ತಿ, ಗುರಾಣಿಯನ್ನು ಹೊಸಬರಿಗೆ ಸಾಮಾನ್ಯವಾಗಿ ಗುಂಪಿನವರೇ ಕೊಡುತ್ತಾರೆ. 36 ಇಂಚಿನ ಒಳಗಿನ ಗಿಡ್ಡ ಕತ್ತಿ, ಮಧ್ಯಮ ಗಾತ್ರದ ಗುರಾಣಿ ಕೇಳಿ. ದೊಡ್ಡ ಗುರಾಣಿ ಹಿಡಿದರೆ ಅದರ ಹಿಂದೆ ಅವಿತುಕೊಳ್ಳೋದೇ ಅಭ್ಯಾಸವಾಗಿಬಿಡುತ್ತದೆ. ಹಾಗಾಗಿ ಅದನ್ನು ನಾನು ಹೊಸಬರಿಗೆ ಹೇಳುವುದಿಲ್ಲ.

ಯಕ್ಷಗಾನ ಮೇಳಗಳಲ್ಲಿ ಹೊಸ ಹುಡುಗರಿಗೆ ಮೊದಲು ಕೋಡಂಗಿ, ಬಾಲಗೋಪಾಲ ವೇಷವನ್ನೇ ಕೊಡುತ್ತಿದ್ದರು, ಅಲ್ವಾ? ಬಂದ ದಿನವೇ ಕರ್ಣನ ವೇಷ ಯಾರೂ ಕಟ್ಟಿಸುತ್ತಿರಲಿಲ್ಲ. ಹೆಜ್ಜೆ, ತಾಳ, ರಂಗದ ಅಂದಾಜು ಮೈಗೆ ಹತ್ತಲಿ ಅಂತ. ವಾರಿಯರ್ ಕ್ಲಾಸನ್ನು ಹಾಗೆ ನೋಡಿ.

ಈಗ ನಿಮ್ಮ ವಿಜರ್ಡ್. ನಿಮ್ಮ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ: ಓಡುವ ಕೆಲಸ ಇಲ್ಲ, ದೂರ ನಿಂತು ಮಂತ್ರ ಹೇಳಿದರೆ ಆಯಿತು. ಅರ್ಧ ನಿಜ. ಮಂತ್ರ ಹೇಳುವಾಗ ಸಾಮಾನ್ಯವಾಗಿ ಕಾಲು ಕದಲಿಸುವಂತಿಲ್ಲ. ಮಂತ್ರವನ್ನು ಗಟ್ಟಿಯಾಗಿ, ಸ್ಪಷ್ಟವಾಗಿ ಪೂರ್ತಿ ಹೇಳಬೇಕು. ನಡುವೆ ತೊದಲಿದರೆ ಮತ್ತೆ ಮೊದಲಿಂದ. ಅಷ್ಟರಲ್ಲಿ ಎದುರಿನವರು ಸುಮ್ನೆ ನಿಂತಿರುತ್ತಾರೆಯೇ? ವಿಜರ್ಡ್ ಅಂತ ಹಳದಿ ಪಟ್ಟಿ ನೋಡಿದ ಕೂಡಲೇ ನಿಮ್ಮ ಕಡೆಗೇ ಓಡಿ ಬರುತ್ತಾರೆ. ಮಂತ್ರ ಮುಗಿದರೂ ಕೆಲಸ ಮುಗಿಯಲಿಲ್ಲ. ಫೈರ್‌ಬಾಲ್ ಅಂದರೆ ಬಟ್ಟೆ ಸುತ್ತಿದ ಕೆಂಪು ಚೆಂಡು, ಅದನ್ನು ಓಡುತ್ತಿರುವವರಿಗೆ ಗುರಿಯಿಟ್ಟು ಎಸೆಯಬೇಕು. ಗುರಿ ತಪ್ಪಿದರೆ ಹೇಳಿದ ಮಂತ್ರ ವ್ಯರ್ಥ. ಗಲ್ಲಿ ಕ್ರಿಕೆಟ್‌ನಲ್ಲಿ ನೇರವಾಗಿ ಸ್ಟಂಪಿಗೆ ಹೊಡೆಯುತ್ತಿದ್ದವರಾದರೆ ನಿಮಗೆ ಇದರಲ್ಲಿ ಸ್ವಲ್ಪ ಅನುಕೂಲ ಇದೆ.

ಇನ್ನೊಂದು ತೊಡಕು ಮನೆಯಲ್ಲೇ ಶುರುವಾಗುತ್ತದೆ. ವಿಜರ್ಡ್, ಹೀಲರ್, ಡ್ರೂಯಿಡ್, ಬಾರ್ಡ್, ಮುಖ್ಯವಾಗಿ ಮಂತ್ರವನ್ನೇ ನಂಬಿದ ಈ ನಾಲ್ಕು ಕ್ಲಾಸ್‌ಗೂ ಶಕ್ತಿಗಳು ಸಿದ್ಧವಾಗಿ ಬರುವುದಿಲ್ಲ. ಇಷ್ಟು ಪಾಯಿಂಟ್ ಅಂತ ಕೊಡುತ್ತಾರೆ, ಅದರಲ್ಲಿ ಮಂತ್ರಗಳನ್ನು ಕೊಂಡು ಪಟ್ಟಿ ಮಾಡಿಕೊಂಡು ಬರಬೇಕು. ಯಾವ ಮಂತ್ರ ಯಾರ ಮೇಲೆ ನಡೆಯುತ್ತದೆ, ಯಾರ ಮೇಲೆ ನಡೆಯೋದಿಲ್ಲ ಅಂತ ಗೊತ್ತಿಲ್ಲದೆ ಪಟ್ಟಿ ಮಾಡಿದರೆ ಅಂಗಡಿಯೇ ನೋಡದೆ ಸಾಮಾನಿನ ಚೀಟಿ ಬರೆದ ಹಾಗೆ ಆಗುತ್ತದೆ.

ಹಾಗಾದರೆ ಹೀಲರ್‌ಗೂ ಅದೇ ತೊಂದರೆ ಇಲ್ಲವೇ ಅಂತ ಕೇಳುತ್ತೀರಿ. ಇದೆ. ಆದರೆ ಹೀಲರ್ ತಪ್ಪು ಪಟ್ಟಿ ಮಾಡಿಕೊಂಡು ಬಂದರೂ ಉಪಯೋಗಕ್ಕೆ ಬರುತ್ತಾರೆ. ಗಾಯ ವಾಸಿ ಮಾಡುವ ಮಂತ್ರ ಒಂದಿದ್ದರೆ ಸಾಕು. ಅದು ಉದ್ದದ ಮಂತ್ರ, ಗಾಯಗೊಂಡವರನ್ನು ಮುಟ್ಟಿಕೊಂಡು ಹೇಳಬೇಕು. ಮೊದಲ ದಿನ ಚೀಟಿಯಲ್ಲಿ ಬರೆದುಕೊಂಡು ಹೋಗಿ, ನಗುವವರು ನಗಲಿ. ಕೈ ಕಳೆದುಕೊಂಡವರು, ಮಂಡಿಯೂರಿದವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ನೀವು ಓಡಬೇಕಿಲ್ಲ. ಗುಂಪಿನವರೇ ನಿಮ್ಮನ್ನು ಮಧ್ಯದಲ್ಲಿಟ್ಟು ಕಾಯುತ್ತಾರೆ, ಯಾಕೆಂದರೆ ನೀವು ಸತ್ತರೆ ನಷ್ಟ ಅವರಿಗೇ. ಹೊಸಬರಿಗೆ ಯಾರ ಪರಿಚಯವೂ ಇಲ್ಲದ ಜಾಗದಲ್ಲಿ ಇದಕ್ಕಿಂತ ಒಳ್ಳೇ ಕ್ಲಾಸ್ ನನಗೆ ಕಾಣುವುದಿಲ್ಲ. ಒಂದೇ ಮಧ್ಯಾಹ್ನಕ್ಕೆ ಎಲ್ಲರ ಹೆಸರು ಗೊತ್ತಾಗುತ್ತದೆ.

ಮಗನ ವಿಷಯ. ಅಸ್ಯಾಸಿನ್ ಕೆಟ್ಟ ಕ್ಲಾಸ್ ಅಲ್ಲ. ಆದರೆ ಕೈಯಲ್ಲಿ ಗುರಾಣಿ ಇರೋದಿಲ್ಲ. ಬೆನ್ನ ಹಿಂದೆ ಸುತ್ತಿ ಬಂದು ಒಬ್ಬರನ್ನು ಮುಗಿಸಿ ಮಾಯವಾಗೋದು ಅದರ ಮಜಾ. ಯಾರನ್ನು, ಯಾವಾಗ ಅಂತ ತಿಳಿಯಬೇಕಾದರೆ ಉಳಿದ ಕ್ಲಾಸ್‌ಗಳ ಶಕ್ತಿಯೆಲ್ಲ ಗೊತ್ತಿರಬೇಕು. ಮೊದಲ ದಿನವೇ ಅಸ್ಯಾಸಿನ್ ಆದ ಹುಡುಗರು ಹೆಚ್ಚಾಗಿ ಮರದ ಹಿಂದೆ ಕಾಯುತ್ತಾ ಮಧ್ಯಾಹ್ನ ಕಳೆಯುತ್ತಾರೆ. ಅವನು ಹಟ ಹಿಡಿದರೆ ಬಿಡಿ, ಒಂದು ದಿನ ಆಡಿ ನೋಡಲಿ. ವಾರಿಯರ್ ಆದಮೇಲೆ ನಡುವೆ ಸ್ಕೌಟ್ ಆಡಿದರೆ ಇನ್ನೂ ಒಳ್ಳೆಯದು, ಅದರಲ್ಲಿ ಕತ್ತಿ, ಗುರಾಣಿ, ಒಂದಿಷ್ಟು ಮಂತ್ರ ಎಲ್ಲ ಇದೆ.

ಉಳಿದವು ಬೇಗ ಹೇಳಿಬಿಡುತ್ತೇನೆ. ಬಾರ್ಬೇರಿಯನ್ ವಾರಿಯರ್‌ನ ಹತ್ತಿರದ ನೆಂಟ, ಭಾರಿ ಕವಚ ಇಲ್ಲದೆ ನುಗ್ಗುವ ಸ್ವಭಾವದವರಿಗೆ ಸರಿ. ಆರ್ಚರ್‌ಗೆ ಬಿಲ್ಲು ಮತ್ತು ದಪ್ಪ ಫೋಮ್ ತಲೆಯ ಬಾಣಗಳ ಖರ್ಚಿದೆ. ಮಂಕ್ ಹಾರಿ ಬರುವ ಬಾಣವನ್ನೂ ತಡೆಯಬಲ್ಲರು, ಆದರೆ ಅದಕ್ಕೆ ಕಣ್ಣು ಚುರುಕಾಗಿರಬೇಕು. ಪಾಲಡಿನ್, ಆ್ಯಂಟಿ-ಪಾಲಡಿನ್ ಹೊಸಬರಿಗೆ ಸಿಗೋದಿಲ್ಲ, ಅವಕ್ಕೆ ಮೊದಲೇ ಅರ್ಹತೆ ಗಳಿಸಬೇಕು.

ಕ್ಲಾಸ್ ಆರಿಸೋದು ಮದುವೆ ಅಂತ ಯಾರೂ ಹೆದರಬೇಕಿಲ್ಲ. ವಾರ ವಾರ ಬದಲಿಸಬಹುದು. ಬಂದ ದಿನ ಆಡಿದ ಕ್ಲಾಸ್‌ಗೆ ಒಂದು ಕ್ರೆಡಿಟ್ ಸೇರುತ್ತದೆ. 5 ಕ್ರೆಡಿಟ್ ಆದರೆ ಎರಡನೇ ಲೆವೆಲ್, 12ಕ್ಕೆ ಮೂರನೆಯದು, ಕೊನೆಯ ಆರನೇ ಲೆವೆಲ್‌ಗೆ 53. ಒಂದರ ಕ್ರೆಡಿಟ್ ಇನ್ನೊಂದಕ್ಕೆ ಹೋಗುವುದಿಲ್ಲ. ಆದರೂ ಮೊದಲ ತಿಂಗಳ ಕ್ರೆಡಿಟ್ ಚದುರಿಹೋಯಿತು ಅಂತ ತಲೆ ಕೆಡಿಸಿಕೊಳ್ಳಬೇಡಿ.

ಮೊಣಕಾಲಿನ ವಿಷಯ ಮಾತ್ರ ನಿಜವಾಗಿ ಯೋಚಿಸಬೇಕಾದದ್ದು. ಯಾವ ಕ್ಲಾಸ್ ಆದರೂ ಕಾಲಿಗೆ ಏಟು ಬಿದ್ದರೆ ಮಂಡಿಯೂರಬೇಕು, ಅದೂ ಹುಲ್ಲಿನ ಕೆಳಗೆ ಕಲ್ಲಿರುವ ಪಾರ್ಕಿನಲ್ಲಿ. ಎರಡೂ ಮೊಣಕಾಲಿಗೆ ಪ್ಯಾಡ್ ಹಾಕಿ, ದೊಗಲೆ ಪ್ಯಾಂಟಿನ ಒಳಗೆ ಹಾಕಿದರೆ ವೇಷವೂ ಕೆಡದು. ಆಟ ಶುರುವಾಗುವ ಮೊದಲೇ ರೀವ್ ಹತ್ತಿರ ಹೇಳಿಡಿ. ನೋವು ಜಾಸ್ತಿ ಇದ್ದ ದಿನ ಕಾಲಿಗೆ ಏಟು ಬಿದ್ದರೆ ಸತ್ತೆ ಅಂತ ಹೇಳಿ ಹೊರಗೆ ನಡೆದುಬಿಡಿ, ಯಾರೂ ಬೇಡ ಅನ್ನುವುದಿಲ್ಲ. ಮಗನಿಗೆ 18 ತುಂಬಿಲ್ಲವಾದ್ದರಿಂದ ಒಪ್ಪಿಗೆ ಪತ್ರಕ್ಕೆ ನೀವೇ ಸಹಿ ಹಾಕಬೇಕಾಗುತ್ತದೆ, ಸ್ವಲ್ಪ ಬೇಗ ಹೋಗಿ. ಇಬ್ಬರಿಗೂ ಒಂದೊಂದು ದೊಡ್ಡ ಬಾಟಲಿ ನೀರು ಇರಲಿ.