ವಿಎಂಗೆ ಐಪಿ ವಿಳಾಸ ಸಿಗದಿರುವ ಬಗ್ಗೆ

ನಿಮ್ಮ ವಿಎಂಗೆ (ವರ್ಚುವಲ್ ಯಂತ್ರ) ಐಪಿ ವಿಳಾಸ ಸಿಗುತ್ತಿಲ್ಲ ಎಂದು ಕೇಳಿದ್ದೀರಿ. ಓಪನ್‌ಸ್ಟ್ಯಾಕ್ (ಕ್ಲೌಡ್ ನಿರ್ವಹಣಾ ತಂತ್ರಾಂಶ) ಡ್ಯಾಶ್‌ಬೋರ್ಡಿನಲ್ಲಿ ವಿಳಾಸ ಕಾಣಿಸಿಯೂ ವಿಎಂ ಒಳಗೆ 169.254ರಿಂದ ಆರಂಭವಾಗುವ ವಿಳಾಸವಷ್ಟೇ (ಬೇರೆ ವಿಳಾಸ ಸಿಗದಾಗ ಯಂತ್ರ ತಾನೇ ಹಾಕಿಕೊಳ್ಳುವಂಥದ್ದು) ಇರುವುದರಿಂದ, ಓಪನ್‌ಸ್ಟ್ಯಾಕ್‌ನ ನೆಟ್‌ವರ್ಕ್ ಸೇವೆಯಾದ ನ್ಯೂಟ್ರಾನ್ ವಿಳಾಸವನ್ನು ಕಾಯ್ದಿರಿಸಿದ್ದರೂ ಡಿಎಚ್‌ಸಿಪಿ (ಯಂತ್ರಗಳಿಗೆ ತಾನಾಗಿ ವಿಳಾಸ ಕೊಡುವ ವ್ಯವಸ್ಥೆ) ಉತ್ತರ ವಿಎಂ ಅನ್ನು ತಲುಪುತ್ತಿಲ್ಲ ಎಂದೇ ತೋರುತ್ತದೆ. ಮೊದಲು ಸಬ್‌ನೆಟ್‌ನಲ್ಲಿ ಡಿಎಚ್‌ಸಿಪಿ ಸಕ್ರಿಯವಾಗಿದೆಯೇ, ಅದರ ಏಜೆಂಟ್ ಚಾಲನೆಯಲ್ಲಿದೆಯೇ ನೋಡಿ. ನ್ಯೂಟ್ರಾನ್ ಬಳಸುವ ನೆಟ್‌ವರ್ಕ್ ಚಾಲಕ ಓವಿಎನ್ ಆಗಿದ್ದರೆ ಸಾಮಾನ್ಯವಾಗಿ ಈ ಏಜೆಂಟ್ ಇರುವುದಿಲ್ಲ, ನಿಮ್ಮದು ಓಪನ್ ವಿಸ್ವಿಚ್ ಚಾಲಕ ಎಂದು ಭಾವಿಸಿದ್ದೇನೆ. ಎರಡೂ ಸರಿಯಿದ್ದರೆ, ಡ್ಯಾಶ್‌ಬೋರ್ಡ್ ತೋರಿಸುವ ವಿಳಾಸವನ್ನೇ (ಬೇರೆಯದನ್ನು ಕೊಟ್ಟರೆ ನ್ಯೂಟ್ರಾನ್‌ನ ಪೋರ್ಟ್ ಸೆಕ್ಯುರಿಟಿ ತಡೆಯುತ್ತದೆ) ಕನ್ಸೋಲ್ ಮೂಲಕ ಕೈಯಾರೆ ಕೊಟ್ಟು ಗೇಟ್‌ವೇಗೆ ಪಿಂಗ್ ಮಾಡಿ. ಪಿಂಗ್ ಹೋಗದಿದ್ದರೆ, ಕಂಪ್ಯೂಟ್ ನೋಡ್ (ವಿಎಂ ಓಡುತ್ತಿರುವ ಸರ್ವರ್) ಜೋಡಿಸಿರುವ ಸ್ವಿಚ್ ಪೋರ್ಟ್‌ನಲ್ಲಿ ವಿಎಂ ಇರುವ ವಿಲ್ಯಾನ್‌ಗೆ (ಸ್ವಿಚ್‌ನಲ್ಲಿ ಪ್ರತ್ಯೇಕಿಸಿದ ಜಾಲ) ಅನುಮತಿ ಇಲ್ಲದಿರಬಹುದು. ವಿಲ್ಯಾನ್ ಬದಲು ವಿಎಕ್ಸ್‌ಲ್ಯಾನ್ (ನೋಡ್‌ಗಳ ನಡುವಿನ ಸುರಂಗ ಜಾಲ) ಆದರೆ ನೋಡ್‌ಗಳ ನಡುವೆ ಯುಡಿಪಿ 4789 ತೆರೆದಿರಬೇಕು. ಪಿಂಗ್ ಹೋದರೆ, ಕ್ಯೂಡಿಎಚ್‌ಸಿಪಿ ನೇಮ್‌ಸ್ಪೇಸ್‌ನಲ್ಲಿ (ಡಿಎಚ್‌ಸಿಪಿ ಸೇವೆ ಓಡುವ ಪ್ರತ್ಯೇಕ ಜಾಲ ಪರಿಸರ) ಟಿಸಿಪಿಡಂಪ್ (ಜಾಲದ ಸಂಚಾರ ನೋಡುವ ಸಾಧನ) ಮೂಲಕ ಡಿಎಚ್‌ಸಿಪಿ ಬಳಸುವ 67 ಮತ್ತು 68ನೇ ಪೋರ್ಟ್‌ಗಳನ್ನು ಗಮನಿಸಿ, ವಿನಂತಿ ಬಂದೂ ಉತ್ತರ ಹೊರಡದಿದ್ದಲ್ಲಿ ಏಜೆಂಟನ್ನು ಮರುಪ್ರಾರಂಭಿಸಿ.