ಬ್ರಿಟನ್ಸ್ ಎಂಬ ಇಂಗ್ಲಿಷ್ ಆಟಿಕೆ ಕಂಪನಿಯ ಹಳೆಯ ಸೀಸದ ಸೈನಿಕರ ಸೆಟ್‌ಗೆ ಬೆಲೆ ಕಟ್ಟುವುದು ಹೇಗೆ?

ಮೊದಲು ಬೊಂಬೆಯನ್ನು ತಲೆಕೆಳಗೆ ಮಾಡಿ ನೋಡಿ. ಬ್ರಿಟನ್ಸ್ 1893ರಿಂದ 1966ರವರೆಗೆ ಟೊಳ್ಳು ಎರಕದ ಸೈನಿಕರನ್ನು ಮಾಡಿತು. ಹೆಸರು ಸಾಮಾನ್ಯವಾಗಿ ಪೀಠದಡಿ, ಕುದುರೆಯಾದರೆ ಹೊಟ್ಟೆಯಡಿ ಇರುತ್ತದೆ. ತೀರಾ ಹಳೆಯವಕ್ಕೆ ಹೆಸರೇ ಇಲ್ಲ, ಅದಕ್ಕೇ ನಕಲಿ ಎಂದುಕೊಳ್ಳಬೇಡಿ.

ಬೆಲೆ ನಿಂತಿರುವುದು ಮೂಲ ಬಣ್ಣದ ಮೇಲೆ. ಆಡುವ ತೋಳಿನ ಸಂದಿಯಲ್ಲಿ ಬಣ್ಣ ದಪ್ಪಗೆ ತುಂಬಿ ತೋಳು ಅಂಟಿಕೊಂಡಿದ್ದರೆ ಮರುಬಣ್ಣದ ಅನುಮಾನ. ತಲೆ ಅಲ್ಲಾಡಿದರೆ ಕುತ್ತಿಗೆಯೊಳಗೆ ಬೆಂಕಿಕಡ್ಡಿ ಸಿಕ್ಕಿಸಿ ರಿಪೇರಿ ಮಾಡಿರಬಹುದು. ಬೂದು ಪುಡಿ ಉದುರುತ್ತಿದ್ದರೆ ಸೀಸ ಶಿಥಿಲವಾಗುತ್ತಿದೆ: ಓಕ್ ಮರದ ಬೀರುವಿನಿಂದ ಬರುವ ಆಮ್ಲದ ಆವಿಯೇ ಹೆಚ್ಚಾಗಿ ಕಾರಣ. ಮುಟ್ಟಿದ ಕೈ ತೊಳೆಯಿರಿ, ಬೊಂಬೆಯನ್ನು ಮಾತ್ರ ತೊಳೆಯಬೇಡಿ, ಹೊಳಪು ಕೊಡಲೂ ಹೋಗಬೇಡಿ.

ಮೂಲ ಡಬ್ಬ, ಲೇಬಲ್ ಇದ್ದರೆ ಬೆಲೆಯೇ ಬೇರೆ. ಲೇಬಲ್‌ನ ಸೆಟ್ ಸಂಖ್ಯೆಗೆ ಬೊಂಬೆಗಳು ಹೊಂದುತ್ತವೆಯೇ ನೋಡಿ, ಅದೇ ಸ್ಥಿತಿಯ ಸೆಟ್ ಹರಾಜಿನಲ್ಲಿ ನಿಜಕ್ಕೂ ಮಾರಾಟವಾದ ಬೆಲೆ ಹುಡುಕಿ. ಮಾರುವವರು ಹೇಳುವ ಬೆಲೆ ಲೆಕ್ಕಕ್ಕಿಲ್ಲ.