ಕಾಯ್ದೆ ಮಾಡಿಸೋದು ಮೊದಲಾ, ಸಂಘ ಕಟ್ಟೋದು ಮೊದಲಾ?

ನೀವು ಕೇಳಿದ್ದು ಇಷ್ಟು: ಎಡ ವಿಚಾರದವರಿಗೆ ನಮ್ಮ ಕಡೆ ಇರುವುದೇ ಸ್ವಲ್ಪ ಶಕ್ತಿ, ಅದನ್ನು ಚುನಾವಣೆ, ಸದನ, ಕಾಯ್ದೆ ಅಂತ ಖರ್ಚು ಮಾಡಬೇಕಾ ಅಥವಾ ಊರೂರು ಅಲೆದು ಜನರ ಸಂಘ ಕಟ್ಟಬೇಕಾ? ಹುಬ್ಬಳ್ಳಿಯಲ್ಲಿ ಓದುತ್ತಿದ್ದೀರಿ, ಎರಡೂ ಕಡೆಯವರು ನಿಮ್ಮನ್ನು ಕರೆಯುತ್ತಿದ್ದಾರೆ, ಯಾರ ಹಿಂದೆ ಹೋಗಬೇಕು ತಿಳಿಯುತ್ತಿಲ್ಲ.

ಸಂಘ ಮೊದಲು. ಆದರೆ ಕಾಯ್ದೆ ಪುಸ್ತಕ ಓದದ ಸಂಘ ಬೇಡ. ನಾನು ಧಾರವಾಡ ತಾಲೂಕಿನಲ್ಲಿ ಕೂಲಿಕಾರರ ಸಂಘಟನೆಯೊಂದರ ಜೊತೆ ಓಡಾಡಿಕೊಂಡು ಇದ್ದೇನೆ, ಯಾವ ಪಕ್ಷದ ಕಾರ್ಡೂ ಇಲ್ಲ. ಹಾಗಾಗಿ ನನ್ನ ಉತ್ತರ ಆ ಕಡೆ ವಾಲಿದರೆ ಆಶ್ಚರ್ಯ ಪಡಬೇಡಿ.

ಈ ಚರ್ಚೆ ಬಂದರೆ ನಮ್ಮಲ್ಲಿ ಎಲ್ಲರೂ ನರಗುಂದದ ರೈತ ಬಂಡಾಯದಿಂದ ಶುರು ಮಾಡುತ್ತಾರೆ. ನಾನೂ ಅಲ್ಲಿಂದಲೇ ಮಾಡುತ್ತೇನೆ, ಯಾಕೆಂದರೆ ಅದರಲ್ಲಿ ಒಂದು ವಿಷಯ ಯಾವಾಗಲೂ ಬಿಟ್ಟುಹೋಗುತ್ತದೆ. ಮಲಪ್ರಭಾ ಅಚ್ಚುಕಟ್ಟಿನ ರೈತರನ್ನು ಬೀದಿಗೆ ತಂದ ಬೆಟರ್‌ಮೆಂಟ್ ಲೆವಿ 1980ರಲ್ಲಿ ಹುಟ್ಟಿದ್ದಲ್ಲ. ಅದರ ಕಾಯ್ದೆ 1957ರದ್ದು. ಕಾಲುವೆ ಬಂದರೆ ಹೊಲದ ಬೆಲೆ ಏರುತ್ತದೆ, ಏರಿದ್ದರಲ್ಲಿ ಸರ್ಕಾರಕ್ಕೂ ಒಂದು ಪಾಲು ಕೊಡಿ ಅನ್ನುವ ಲೆಕ್ಕ ಅದು. ಕಾಗದದ ಮೇಲೆ ಓದಿದರೆ ಅನ್ಯಾಯ ಅನಿಸುವುದೇ ಇಲ್ಲ, ಅಲ್ವಾ? ಕಾಲುವೆಯ ಕೊನೆಯ ಹೊಲಕ್ಕೆ ನೀರು ಸರಿಯಾಗಿ ಬರಲ್ಲ, ಹತ್ತಿ ರೇಟು ಬಿದ್ದಿದೆ, ಸೊಸೈಟಿ ಸಾಲ ತಲೆ ಮೇಲಿದೆ, ಅಂಥ ಹೊತ್ತಿನಲ್ಲಿ ಬಾಕಿ ಕಟ್ಟು ಅಂತ ನೋಟಿಸ್ ಬಂದಾಗಲೇ ಅದೇನು ಅಂತ ಗೊತ್ತಾಗುವುದು. ಸದನದಲ್ಲಿ ಕೂತು ಇದನ್ನು ಊಹಿಸುವುದು ಕಷ್ಟ. 1980ರ ಜುಲೈ 21ರಂದು ನರಗುಂದ, ನವಲಗುಂದ ಎರಡೂ ಕಡೆ ಗೋಲಿಬಾರ್ ಆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಸರ್ಕಾರ ರಿಯಾಯಿತಿ ಘೋಷಿಸಬೇಕಾಯಿತು, ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು, 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಈ ರಾಜ್ಯದಲ್ಲಿ ಮೊದಲ ಸಲ ಅಧಿಕಾರ ಕಳೆದುಕೊಂಡಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ರೈತರ ಸಿಟ್ಟು ಅದರಲ್ಲಿ ದೊಡ್ಡದು. (ರೈತ ಸಂಘವನ್ನು ಎಡಪಂಥ ಅನ್ನಬಹುದಾ ಅಂತ ಜಗಳ ತೆಗೆಯುವವರು ಇದ್ದಾರೆ. ಆ ಜಗಳ ನನಗೆ ಬೇಡ.)

ಮುಂದಿನದ್ದನ್ನು ಹಳಬರು ಸ್ವಲ್ಪ ಮುಜುಗರದಿಂದ ಹೇಳುತ್ತಾರೆ. 1989ರಲ್ಲಿ ರೈತ ಸಂಘದ ನಾಯಕ ಬಾಬಾಗೌಡ ಪಾಟೀಲರು ಕಿತ್ತೂರು ಮತ್ತು ಧಾರವಾಡ ಗ್ರಾಮೀಣ ಎರಡೂ ಕ್ಷೇತ್ರದಲ್ಲಿ ಗೆದ್ದರು. ಧಾರವಾಡ ಗ್ರಾಮೀಣ ಬಿಟ್ಟುಕೊಟ್ಟರು, ಅಲ್ಲಿಂದ ಉಪಚುನಾವಣೆಯಲ್ಲಿ ಸಂಘದ ಇನ್ನೊಬ್ಬ ನಾಯಕ ನಂಜುಂಡಸ್ವಾಮಿಯವರು ಗೆದ್ದು ಸದನಕ್ಕೆ ಹೋದರು. ಹಸಿರು ಶಾಲು ಹೊತ್ತವರು ವಿಧಾನಸಭೆಯಲ್ಲಿ ಕೂತದ್ದು ಸಣ್ಣ ವಿಷಯವಲ್ಲ. ಆದರೆ ಸಂಘ ಉಳಿಯಿತಾ? ಬಣಗಳಾಗಿ ಒಡೆಯಿತು. ಬಾಬಾಗೌಡರು 1998ರಲ್ಲಿ ಬಿಜೆಪಿಯಿಂದ ಬೆಳಗಾವಿ ಸಂಸದರಾಗಿ ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯಾದರು. ಅವರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಊರಿನ ಘಟಕ ನಡೆಸುವ ಎರಡನೇ ಸಾಲಿನವರು ತಯಾರಿರುವ ಮೊದಲೇ ಮುಂದಿನ ಸಾಲಿನವರೆಲ್ಲ ಟಿಕೆಟ್, ಕ್ಷೇತ್ರ, ಜಾತಿ ಲೆಕ್ಕದಲ್ಲಿ ಮುಳುಗಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಾದರೆ ಸದನ, ಕೋರ್ಟು ಎಲ್ಲ ದಂಡವಾ? ಅಲ್ಲ. ಹಾನಗಲ್ ತಾಲೂಕಿನ ಕುಸನೂರಿನ ಕಥೆ ನೋಡಿ. 1984ರಲ್ಲಿ ಸರ್ಕಾರ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಅಂತ ಕಂಪನಿ ಮಾಡಿತು. ಸುಮಾರು 30,000 ಹೆಕ್ಟೇರ್ ಗೋಮಾಳ, ಕುರುಚಲು ಕಾಡಿನಂಥ ಸರ್ಕಾರಿ ಜಾಗದಲ್ಲಿ ನೀಲಗಿರಿ ಬೆಳೆದು ಕಾರ್ಖಾನೆಗೆ ಕೊಡುವ ಯೋಜನೆ. ದನ ಮೇಯುವ ಜಾಗ, ಸೌದೆ ತರುವ ಜಾಗ ಹೋಯಿತು. 1987ರ ನವೆಂಬರ್ 14ರಂದು ಜನ ಅಲ್ಲಿಗೆ ಹೋಗಿ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಹೆಸರೇ ಕಿತ್ತಿಕೊ-ಹಚ್ಚಿಕೊ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆಯವರು ಅಷ್ಟೊತ್ತಿಗಾಗಲೇ ಶಿವರಾಮ ಕಾರಂತರನ್ನು ಜೊತೆಗಿಟ್ಟುಕೊಂಡು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ದರು. ಊರೂರಿನಲ್ಲಿ ಸಹಿ ಸಂಗ್ರಹ ಮಾಡುತ್ತಿದ್ದರು, ಶಾಸಕರ ಮನೆ ಬಾಗಿಲಿಗೂ ಹೋಗುತ್ತಿದ್ದರು. 1991ರಲ್ಲಿ ಸರ್ಕಾರ ಆ ಕಂಪನಿ ಮುಚ್ಚಿತು. ಸಸಿ ಕಿತ್ತದ್ದರಿಂದ ಮುಚ್ಚಿತಾ, ಅರ್ಜಿಯಿಂದ ಮುಚ್ಚಿತಾ ಅಂತ ಬೇರ್ಪಡಿಸಲು ಹೋದರೆ ಆಗಲ್ಲ. ಜನ ಗುಡ್ಡದ ಮೇಲೆ ಇಲ್ಲದಿದ್ದರೆ ಆ ಅರ್ಜಿ ಧೂಳು ತಿನ್ನುತ್ತಿತ್ತು. ಅರ್ಜಿ ಇಲ್ಲದಿದ್ದರೆ ಗುಡ್ಡದ ಮೇಲಿನವರ ಮೇಲೆ ಸುಮ್ನೆ ಕೇಸು ಬೀಳುತ್ತಿತ್ತು, ಅಷ್ಟೇ.

ಭೂ ಸುಧಾರಣೆಯೂ ಹಾಗೆಯೇ. ಗೇಣಿದಾರನಿಗೇ ಭೂಮಿ ಕೊಡುವ 1974ರ ತಿದ್ದುಪಡಿ ಇಡೀ ರಾಜ್ಯಕ್ಕೆ ಒಂದೇ. ಗೇಣಿದಾರ ನಮೂನೆ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕಿತ್ತು. ಗೇಣಿದಾರರ ಸಂಘ ಗಟ್ಟಿಯಾಗಿದ್ದ ಕರಾವಳಿಯಲ್ಲಿ ಜನ ಸಾಲುಗಟ್ಟಿ ಅರ್ಜಿ ಕೊಟ್ಟರು. ನಮ್ಮ ಬಯಲುಸೀಮೆಯಲ್ಲಿ ಲಾವಣಿ, ಅಂದರೆ ಗೇಣಿ, ಬರೀ ಮಾತಿನ ಮೇಲೆ ನಡೆಯುತ್ತಿತ್ತು, ಗೌಡರ ಎದುರು ಅರ್ಜಿ ಹಾಕುವ ಧೈರ್ಯ ಎಲ್ಲಿಂದ ಬರಬೇಕು. ಕಡಲೆ ಇದ್ದರೂ ಹಲ್ಲಿಲ್ಲ. ಪಶ್ಚಿಮ ಬಂಗಾಳದಲ್ಲಿ ಎಡರಂಗ 1978ರಲ್ಲಿ ಆಪರೇಷನ್ ಬರ್ಗಾ ಮಾಡಿದಾಗ ಇದನ್ನು ಅರ್ಥ ಮಾಡಿಕೊಂಡಿತ್ತು. ಕಂದಾಯದ ಅಧಿಕಾರಿಗಳೇ ಹಳ್ಳಿಗೆ ಹೋಗಿ, ಸಂಜೆ ಸಭೆ ಸೇರಿಸಿ, ಹತ್ತು ಜನರ ಮುಂದೆ ಪಾಲಿಗೆ ಉಳುವವನ ಹೆಸರು ಬರೆದುಕೊಂಡರು. ಒಬ್ಬನೇ ಕಚೇರಿಗೆ ಹೋಗಿ ಹೇಳಲಾಗದ್ದನ್ನು ಪಕ್ಕದಲ್ಲಿ ಎಡಪಕ್ಷದ ರೈತ ಸಂಘಟನೆಯಾದ ಕಿಸಾನ್ ಸಭಾದವರು ಕೂತಿದ್ದಾಗ ಹೇಳಬಹುದು. ಅದೇ ಬಂಗಾಳದಲ್ಲಿ ಮುಂದೆ ಸಂಘ ಯಾವುದು, ಸರ್ಕಾರ ಯಾವುದು ಗೊತ್ತಾಗದಂತೆ ಆಯಿತು. ಸಿಂಗೂರು, ನಂದಿಗ್ರಾಮದಲ್ಲಿ ಕೈಗಾರಿಕೆಗೆ ಜಮೀನು ಕೊಡಲ್ಲ ಅಂತ ರೈತರು ಎದ್ದಾಗ ಅವರ ಪರ ನಿಲ್ಲಬೇಕಾದವರು ಸರ್ಕಾರದ ಪರ ನಿಂತಿದ್ದರು. 2011ರ ಚುನಾವಣೆಯಲ್ಲಿ ಎಡರಂಗ ಸೋತಿತು.

ಈಗ ನಾನೇ ನೋಡಿದ್ದು. ಉದ್ಯೋಗ ಖಾತ್ರಿ ಕಾಯ್ದೆ 2005ರಲ್ಲಿ ಬಂತು, ಎಡಪಕ್ಷಗಳ ಹೊರಗಿನ ಬೆಂಬಲದ ಮೇಲೆ ನಿಂತಿದ್ದ ಸರ್ಕಾರದ ಕಾಲದಲ್ಲಿ. ಅದನ್ನು ಸದನದ ಗೆಲುವು ಅಂತ ಒಪ್ಪಲೇಬೇಕು. ಕೆಲಸ ಕೇಳಿ ನಮೂನೆ 6 ಕೊಟ್ಟರೆ ತಾರೀಕು ಹಾಕಿದ ಸ್ವೀಕೃತಿ ಕೊಡಬೇಕಿತ್ತು, 15 ದಿನದಲ್ಲಿ ಕೆಲಸ ಕೊಡಬೇಕಿತ್ತು, ಕೊಡದಿದ್ದರೆ ನಿರುದ್ಯೋಗ ಭತ್ಯೆ. ಇಡೀ ಕಾಯ್ದೆಯ ಜೀವ ಇದ್ದದ್ದು ಆ ಸ್ವೀಕೃತಿಯಲ್ಲಿ. ಅದು ಇಲ್ಲದಿದ್ದರೆ ನೀವು ಕೆಲಸ ಕೇಳಿಯೇ ಇಲ್ಲ ಅಂತ ಅರ್ಥ, ಭತ್ಯೆಯ ಮಾತೇ ಬರುತ್ತಿರಲಿಲ್ಲ. ಪಂಚಾಯಿತಿಯವರಿಗೂ ಇದು ಚೆನ್ನಾಗಿ ಗೊತ್ತಿತ್ತು.

ಹಿಂಗಾರಿ ಸುಗ್ಗಿ ಮುಗಿದಿತ್ತು, ಊರಲ್ಲಿ ಕೂಲಿ ಇರಲಿಲ್ಲ. ಒಂದು ಪಂಚಾಯಿತಿಗೆ ಹೆಣ್ಣುಮಕ್ಕಳ ಗುಂಪು ಅರ್ಜಿ ಹಿಡಿದು ಹೋಯಿತು, ನಾನೂ ಹಿಂದೆ ಇದ್ದೆ. ಒಳಗಿದ್ದವರು ತಲೆ ಎತ್ತದೆ, "ಟೇಬಲ್ ಮ್ಯಾಲ ಇಟ್ಟು ಹೋಗ್ರಿ, ನೋಡೂಣು" ಅಂದರು. ಗುಂಪಿನ ಕಾಯಕ ಬಂಧು, ಅಂದರೆ ಕೂಲಿಕಾರರ ಕೆಲಸ ನೋಡಿಕೊಳ್ಳುವವಳು, ಸಣ್ಣ ವಯಸ್ಸಿನವಳು, ಹಿಂದೆ ಸರಿದಳು. ಪಕ್ಕದ ವಯಸ್ಸಾದ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. "ಹ್ವಾದ ವರ್ಷನೂ ಇಟ್ಟ ಹೋಗಿದ್ವಿ ಸಾಹೇಬ್ರ. ತಾರೀಕ ಬರದು ಸಿಕ್ಕಾ ಹೊಡದು ಕೊಡ್ರಿ, ಹೋಗ್ತೀವಿ. ಇಲ್ಲಂದ್ರ ಬುತ್ತಿ ತಂದೀವಿ, ಇಲ್ಲೇ ಕುಂದರ್ತೀವಿ." ಬುತ್ತಿ ನಿಜವಾಗಿಯೂ ತಂದಿದ್ದರು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಬಾಗಿಲಲ್ಲೇ ಗಂಟು ಬಿಚ್ಚಿದರು. ಸಿಕ್ಕಾದ ಪ್ಯಾಡಿನಲ್ಲಿ ಇಂಕು ಒಣಗಿದೆ ಅಂದರು, ಪೆನ್ನಿನಿಂದ ಬರೆದು ಸಹಿ ಮಾಡಿ ಸಾಕು ಅಂದೆವು. ಮಧ್ಯಾಹ್ನದೊಳಗೆ ಸ್ವೀಕೃತಿ ಸಿಕ್ಕಿತು. ಮುಂದೆ ಕೆರೆ ಹೂಳೆತ್ತುವ ಕೆಲಸವೂ ಶುರುವಾಯಿತು. ಆ ಅಮ್ಮನಿಗೆ ಓದಲು ಬರಲ್ಲ. ಸ್ವೀಕೃತಿ ಕೇಳಬೇಕು ಅನ್ನುವುದು ವಾರದ ಸಭೆಯಲ್ಲಿ ಬಾಯಿಪಾಠ ಆಗಿತ್ತು. ಅದೇ ಕಾಯ್ದೆ ಪಕ್ಕದ ಪಂಚಾಯಿತಿಗೂ ಇತ್ತು, ಅಲ್ಲಿ ಸಂಘ ಇರಲಿಲ್ಲ, ಕೆಲಸವೂ ಇರಲಿಲ್ಲ.

ಆದರೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಾಯ್ದೆಯನ್ನೇ ತೆಗೆದು ಅದರ ಜಾಗಕ್ಕೆ ಬೇರೆ ಕಾಯ್ದೆ ತಂದಿತು. ಸದನದಲ್ಲಿ ತಲೆ ಎಣಿಸಿ ಸಿಕ್ಕದ್ದನ್ನು ಸದನದಲ್ಲಿ ತಲೆ ಎಣಿಸಿಯೇ ತೆಗೆಯಬಹುದು. ಕೇಂದ್ರದ ಕೃಷಿ ಕಾಯ್ದೆಗಳನ್ನೂ 2020ರಲ್ಲಿ ಬಹುಮತದ ಬಲದ ಮೇಲೆಯೇ ಪಾಸು ಮಾಡಿದ್ದರು. ಆದರೆ ರೈತರು ದೆಹಲಿ ಗಡಿಯಲ್ಲಿ ಒಂದು ವರ್ಷ ಟ್ರಾಕ್ಟರ್ ನಿಲ್ಲಿಸಿಕೊಂಡು ಕೂತರು, 2021ರ ನವೆಂಬರ್‌ನಲ್ಲಿ ಸರ್ಕಾರ ಆ ಕಾಯ್ದೆಗಳನ್ನು ವಾಪಸ್ ತೆಗೆದುಕೊಂಡಿತು. ವಿರೋಧ ಪಕ್ಷದ ಸಂಖ್ಯಾಬಲ ಆಗಲೂ ಕಮ್ಮಿಯೇ ಇತ್ತು, ಈಗಲೂ ಕಮ್ಮಿಯೇ. ವ್ಯತ್ಯಾಸ ಎಲ್ಲಿದೆ? ಮಂಡಿ, ಆಡತಿ (ದಲಾಲರು), ಊರ ಕಮಿಟಿ ಅಂತ ಪಂಜಾಬಿನ ಸಂಘಗಳಿಗೆ ವರ್ಷಗಟ್ಟಲೆ ಕೂತು ಊಟ ಹಾಕುವ ತಾಕತ್ತು ಇತ್ತು. ಖಾತ್ರಿ ಕೆಲಸದ ಕೂಲಿಕಾರರು ಹಾಗೆ ಕೂರಲು ಆಗಲ್ಲ, ಒಂದು ದಿನ ಕೂತರೆ ಒಂದು ದಿನದ ಕೂಲಿ ಹೋಗುತ್ತದೆ. ಬೀದಿ ಹೋರಾಟವೇ ಎಲ್ಲ ಅನ್ನುವ ಗೆಳೆಯರು ಇದಕ್ಕೆ ಉತ್ತರ ಕೊಡುವುದಿಲ್ಲ. ಬಡವರಲ್ಲಿ ಬಡವರಿಗೆ ಕಾಯ್ದೆಯ ಆಸರೆ ಜಾಸ್ತಿ ಬೇಕು, ಯಾಕೆಂದರೆ ಅವರಿಗೆ ಪ್ರತಿ ವರ್ಷ ಹೊಸದಾಗಿ ಜಗಳ ಮಾಡಲು ಹೊಟ್ಟೆ ಬಿಡುವುದಿಲ್ಲ.

ಸದನದಲ್ಲಿ ನಮ್ಮವರು ಒಬ್ಬರೂ ಇಲ್ಲ, ಏನು ಮಾಡೋದು ಅನ್ನುತ್ತೀರಾ? ಶಾಸಕ ನಮ್ಮವನೇ ಆಗಬೇಕಾಗಿಲ್ಲ. ಸದನದಲ್ಲಿ ಮಂತ್ರಿ ಬಾಯಲ್ಲಿ ಉತ್ತರ ಕೊಡುವ ಚುಕ್ಕೆ ಗುರುತಿನ ಪ್ರಶ್ನೆ, ಬರಹದಲ್ಲಿ ಉತ್ತರ ಕೊಡುವ ಚುಕ್ಕೆ ಗುರುತಿಲ್ಲದ ಪ್ರಶ್ನೆ ಅಂತ ಇರುತ್ತದೆ. ಈ ತಾಲೂಕಿನಲ್ಲಿ ಎಷ್ಟು ಅರ್ಜಿ ಬಂದವು, ಎಷ್ಟು ಜನರಿಗೆ ಭತ್ಯೆ ಕೊಟ್ಟಿರಿ ಅಂತ ಒಬ್ಬ ಸದಸ್ಯ ಕೇಳಿದರೆ ಇಲಾಖೆ ಉತ್ತರ ಬರೆದು ಕೊಡಲೇಬೇಕು. ಆ ಉತ್ತರ ಬರೆಯಲು ಬೆಂಗಳೂರಿನಿಂದ ಜಿಲ್ಲಾ ಪಂಚಾಯಿತಿಗೆ, ಅಲ್ಲಿಂದ ತಾಲೂಕಿಗೆ, ಅಲ್ಲಿಂದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಫೋನ್ ಬರುತ್ತದೆ. ಆ ಫೋನಿನ ಬಿಸಿ ಒಂದು ಧರಣಿಯಷ್ಟೇ ಕೆಲಸ ಮಾಡುತ್ತದೆ. ಪ್ರಶ್ನೆಯನ್ನು ಶಾಸಕರು ಕೂತು ಬರೆಯುವುದು ಕಮ್ಮಿ, ತಯಾರು ಮಾಡಿ ಕೊಟ್ಟರೆ ಹಲವರು ಹಾಕುತ್ತಾರೆ, ಹೆಸರು ಅವರಿಗೇ ಬರುತ್ತದಲ್ಲ. ಪಶ್ಚಿಮ ಪದವೀಧರರ ಕ್ಷೇತ್ರದ ಪರಿಷತ್ ಸದಸ್ಯರು ನಮ್ಮ ಧಾರವಾಡ, ಗದಗ, ಹಾವೇರಿಗೂ ಸೇರಿದವರು, ಅವರನ್ನೂ ಕೇಳಬಹುದು. ಪ್ರತಿ ಚಳಿಗಾಲದ ಅಧಿವೇಶನಕ್ಕೆ ನಾವು ಟೆಂಪೊ ಮಾಡಿಕೊಂಡು ಬೆಳಗಾವಿಗೆ ಹೋಗಿ, ಸುವರ್ಣ ವಿಧಾನಸೌಧದ ಹತ್ತಿರ ಕೊಂಡಸಕೊಪ್ಪದ ಟೆಂಟಿನಲ್ಲಿ ಘೋಷಣೆ ಕೂಗಿ, ಮಂತ್ರಿ ಬಂದು ಮನವಿ ತೆಗೆದುಕೊಂಡು ಫೋಟೊ ಹೊಡೆಸಿಕೊಂಡು ಹೋದ ಮೇಲೆ ವಾಪಸ್ ಬರುತ್ತೇವೆ. ಅದೇ ದಿನ ಒಳಗೆ ಅದೇ ವಿಷಯದ ಪ್ರಶ್ನೆ ಇದ್ದರೆ ಆ ಮನವಿಗೆ ಬೇರೆಯೇ ತೂಕ ಬರುತ್ತದೆ. ಟೆಂಟಿಗೆ ಖರ್ಚು ಮಾಡುವವರು ಪ್ರಶ್ನೆಗೂ ಒಂದು ತಿಂಗಳು ಮೊದಲೇ ತಯಾರಿ ಮಾಡಬೇಕು. ನಮ್ಮಲ್ಲಿ ಇದನ್ನು ಮಾಡುವ ಸಂಘ ಬಹಳ ಕಮ್ಮಿ, ನನ್ನ ದೊಡ್ಡ ತಕರಾರು ಇದೇ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಹಳ್ಳಿಗೆ ಓಡಾಡಲು ಆಗದಿದ್ದರೆ ಹುಬ್ಬಳ್ಳಿಯಲ್ಲೇ ಪೌರಕಾರ್ಮಿಕರು ಇದ್ದಾರೆ. 2022ರ ಜುಲೈನಲ್ಲಿ ರಾಜ್ಯದ ತುಂಬ ಪೊರಕೆ ಕೆಳಗಿಟ್ಟು ಮುಷ್ಕರ ಮಾಡಿದರು, ಸೆಪ್ಟೆಂಬರ್‌ನಲ್ಲಿ ಸಂಪುಟ 11,133 ಜನರನ್ನು ಕಾಯಂ ಮಾಡಲು ಒಪ್ಪಿತು. ಆ ಪಟ್ಟಿಯ ಹೊರಗೆ ಉಳಿದವರು, ಕಸದ ಗಾಡಿ ಓಡಿಸುವವರು, ಗುತ್ತಿಗೆಯಲ್ಲೇ ಇರುವವರು ನಿಮ್ಮ ವಾರ್ಡಿನಲ್ಲೂ ಸಿಗುತ್ತಾರೆ. ಬೆಳಗ್ಗೆ ಹಾಜರಾತಿ ಹಾಕುವ ಜಾಗಕ್ಕೆ ಹೋಗಿ ಚಹಾ ಕುಡಿಯುತ್ತಾ ಮಾತಾಡಿ, ಭಾಷಣ ಬೇಡ. ಪಿಎಫ್ ಕಡಿತ ಆಗುತ್ತಿದೆಯಾ, ಆದದ್ದು ಖಾತೆಗೆ ಜಮಾ ಆಗಿದೆಯಾ ಅಂತ ಅವರ ಮೊಬೈಲಿನಲ್ಲೇ ತೆಗೆದು ತೋರಿಸಿ. ಓದಿದವರಿಂದ ಅವರಿಗೆ ಮೊದಲು ಬೇಕಾದ ಸಹಾಯ ಅದು. ನಾಲ್ಕು ಜನರದ್ದು ಜಮಾ ಆಗಿಲ್ಲ ಅಂತ ಗೊತ್ತಾದರೆ ಸಂಘಕ್ಕೆ ಕೆಲಸ ಸಿಕ್ಕಿತು, ನಿಮ್ಮ ಶಾಸಕರಿಗೆ ಪ್ರಶ್ನೆಯೂ ಸಿಕ್ಕಿತು. ಯಾವ ಪಕ್ಷ ಅನ್ನುವುದನ್ನು ಒಂದು ವರ್ಷ ಬಿಟ್ಟು ನೋಡಿದರಾಯಿತು, ಅವರೇನೂ ಎಲ್ಲಿಗೂ ಓಡಿಹೋಗಲ್ಲ.